ಬೋರ್ಡ್ ಮೇಲೆ "ಎಕ್ಸ್‌ಪರ್ಟ್" ಅಂತ ಬರೆಸಲು ಎಷ್ಟು ಗೊತ್ತಿರಬೇಕು?

ಬೋರ್‌ಮೋಟಾರ್_ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನ್ನದು ಕಲಬುರಗಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಜಾಸ್ತಿ ಬರುವುದು ಬೋರ್ ಮೋಟಾರ್, 5 ಎಚ್‌ಪಿ, 7.5 ಎಚ್‌ಪಿ. ಆಳಂದ ಕಡೆಯಿಂದ, ಜೇವರ್ಗಿ ಕಡೆಯಿಂದ ರೈತರು ಟಂಟಂನಲ್ಲಿ ಹಾಕಿಕೊಂಡು ಬರುತ್ತಾರೆ. ಸ್ವಂತ ಅಂಗಡಿ ಮಾಡಿ 17 ವರ್ಷ ಆಯಿತು. ಹಳೆ ಬೋರ್ಡ್ ತುಕ್ಕು ಹಿಡಿದಿದೆ, ಹೊಸದು ಮಾಡಿಸಬೇಕು. ಮಗ ಡಿಪ್ಲೊಮಾ ಓದುತ್ತಿದ್ದಾನೆ, ಅವನೇ ಮೊಬೈಲ್‌ನಲ್ಲಿ ಡಿಸೈನ್ ಮಾಡಿ ತೋರಿಸಿದ. ದೊಡ್ಡ ಅಕ್ಷರದಲ್ಲಿ "ಬೋರ್ ಮೋಟಾರ್ ಎಕ್ಸ್‌ಪರ್ಟ್" ಅಂತ ಇತ್ತು. ನೋಡಿದ ಕೂಡಲೇ ಬೇಡ ಅಂದೆ. ಯಾಕೆ ಬೇಡ ಅಂತ ಅವನು ಕೇಳಿದ್ದಕ್ಕೆ ಸರಿಯಾದ ಉತ್ತರ ಬಾಯಿಗೆ ಬರಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮನಸ್ಸಿನಲ್ಲಿ ಇರುವ ಕಾರಣ ಇದು. ಐದು ವರ್ಷದ ಹಿಂದೆ ಒಬ್ಬ ಯಜಮಾನರ ಮೋಟಾರ್ ಒಂದೇ ಬೇಸಿಗೆಯಲ್ಲಿ ಮೂರು ಸಲ ಸುಟ್ಟು ಬಂತು. ಮೊದಲ ಎರಡು ಸಲ ಸುಟ್ಟ ತಂತಿ ಕಿತ್ತು ಬಿಸಾಕಿ ಹೊಸ ವೈಂಡಿಂಗ್ ಮಾಡಿಕೊಟ್ಟೆ. ತಂತಿಯ ಗೇಜು ಸರಿ ಇತ್ತು, ಸುತ್ತಿನ ಲೆಕ್ಕ ಸರಿ ಇತ್ತು, ನೀರಲ್ಲಿ ಮುಳುಗಿಸಿ ಮೆಗ್ಗರ್ (ಕರೆಂಟ್ ಸೋರುತ್ತದಾ ಅಂತ ತೋರಿಸುವ ಮೀಟರ್) ಹಿಡಿದು ನೋಡಿಯೇ ಕಳಿಸಿದ್ದೆ. ಮೂರನೇ ಸಲ ಬಂದಾಗ ಅವರು ಬೈಯಲಿಲ್ಲ. ಅಂಗಡಿ ಕಟ್ಟೆ ಮೇಲೆ ಕೂತು "ಕಬ್ಬು ಒಣಗಾಕತ್ತದ" ಅಂದರು, ಅಷ್ಟೇ. ಅವತ್ತು ಸುಟ್ಟ ಕಾಯಿಲ್‌ಗಳನ್ನು ಬಿಚ್ಚುವ ಮೊದಲು ನೆಟ್ಟಗೆ ಕೂತು ನೋಡಿದೆ. ಎರಡು ಫೇಸಿನ ಕಾಯಿಲ್ ಸುಟ್ಟು ಕರಗಿದ್ದವು, ಮೂರನೆಯದು ನಾನು ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು. ಅಂದರೆ ನಡೆಯುವಾಗ ಒಂದು ಫೇಸ್ ಕೈಬಿಡುತ್ತಿತ್ತು, ಮೋಟಾರ್ ಉಳಿದ ಎರಡರ ಮೇಲೆ ಎಳೆದು ಎಳೆದು ಸುಡುತ್ತಿತ್ತು. ಹೊಲಕ್ಕೆ ಹೋಗಿ ಸ್ಟಾರ್ಟರ್ ಬಿಚ್ಚಿದೆ. ಒಂದು ಪಾಯಿಂಟ್ ತಿಂದುಹೋಗಿತ್ತು. ಶುರುವಾಗುವಾಗ ಹಿಡಿಯುತ್ತಿತ್ತು, ಬಿಸಿಯಾದ ಮೇಲೆ ಬಿಡುತ್ತಿತ್ತು. ಲೋಡ್ ಜಾಸ್ತಿ ಆದರೆ ಕರೆಂಟ್ ಕಡಿಯುವ ಓವರ್‌ಲೋಡ್ ರಿಲೇಯನ್ನು ಯಾರೋ ತಪ್ಪಿಸಿ ಡೈರೆಕ್ಟ್ ಮಾಡಿಟ್ಟಿದ್ದರಿಂದ ಅದೂ ಟ್ರಿಪ್ ಆಗುತ್ತಿರಲಿಲ್ಲ.

ಎರಡು ಸಲದ ಮಜೂರಿ ವಾಪಸ್ ಕೊಟ್ಟೆ. ಅರ್ಧ ಕಬ್ಬು ಅಷ್ಟರಲ್ಲಿ ಹೋಗಿತ್ತು.

ಆಗ ನನಗೆ 12 ವರ್ಷದ ಅನುಭವ. ಕಣ್ಣು ಮುಚ್ಚಿ ವೈಂಡಿಂಗ್ ಮಾಡುತ್ತಿದ್ದೆ. ಊರಲ್ಲಿ ನನ್ನ ಕೈ ಚೆನ್ನಾಗಿದೆ ಅಂತ ಹೆಸರು ಇತ್ತು. ಅಷ್ಟಿದ್ದೂ ಸುಟ್ಟ ಕಾಯಿಲ್ ಏನು ಹೇಳುತ್ತಿದೆ ಅಂತ ಓದಲು ಬರುತ್ತಿರಲಿಲ್ಲ. ಈಗ ಬರುತ್ತದೆ. ಹಾಗಿದ್ದರೆ ಈಗ ನಾನು ಎಕ್ಸ್‌ಪರ್ಟ್ ಆದೆನಾ, ಅಥವಾ ಇನ್ನೊಂದು ಇಂಥದ್ದೇ ಎಲ್ಲೋ ಕಾಯುತ್ತಿದೆಯಾ? ನಿಮ್ಮ ನಿಮ್ಮ ಕೆಲಸದಲ್ಲಿ ಇದನ್ನು ಹೇಗೆ ಅಳೆಯುತ್ತೀರಿ, ಹೇಳಿ. ಖರೇನೇ ತಿಳಿದುಕೊಳ್ಳಬೇಕಿದೆ.

ಕೋಟೆ_ಮಣ್ಣು_ಬೀದರ್

ಅಣ್ಣಾ, ನಿಮ್ಮ ಪ್ರಶ್ನೆ ಓದಿದ ಕೂಡಲೇ ನನ್ನ ಉಸ್ತಾದರ ನೆನಪು ಬಂತು. ನಾನು ಆರು ವರ್ಷ ಬಿದ್ರಿ ಕೆಲಸ ಕಲಿತೆ, ಆಮೇಲೆ ಮನೆಯ ಪರಿಸ್ಥಿತಿಯಿಂದ ಬಿಟ್ಟೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಿದ್ರಿ ಸಾಮಾನು ಮೂಲದಲ್ಲಿ ಕಪ್ಪಗೆ ಇರುವುದಿಲ್ಲ. ಹೆಚ್ಚು ಕಡಿಮೆ 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ, ಬೂದು ಬಣ್ಣದ್ದು ಬರುತ್ತದೆ. ಅರದಿಂದ ಉಜ್ಜಿ ನುಣುಪು ಮಾಡಿ, ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಅದರ ಮೇಲೆ ಕೈಯಿಂದಲೇ ಬಳ್ಳಿ ಬಿಡಿಸಿ, ಉಳಿಯಿಂದ ಕೆತ್ತಿ, ಆ ಗೆರೆಯೊಳಗೆ ಬೆಳ್ಳಿಯ ತಂತಿ ಇಟ್ಟು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು. ಬಿಸಿಲು ಮಳೆ ಬೀಳದ ಹಳೆಯ ಜಾಗದಿಂದ ತಂದ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕಾಯಿಸಿ, ಸಾಮಾನನ್ನು ಅದರಲ್ಲಿ ತಿಕ್ಕಿದರೆ ಎರಕದ ಲೋಹ ಮಾತ್ರ ಗಾಢ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಷ್ಟು ಸಲ ನೋಡಿದರೂ ಆ ಗಳಿಗೆ ನನಗೆ ಹೊಸದೇ.

ಆ ಮಣ್ಣನ್ನು ಉಸ್ತಾದರು ನಾಲಿಗೆಯ ಮೇಲೆ ಇಟ್ಟು ಆರಿಸುತ್ತಿದ್ದರು. ಚಿಟಿಕೆ ಬಾಯಿಗೆ ಹಾಕಿಕೊಂಡು ಇದು ಬರುತ್ತದೆ, ಇದು ಬೇಡ ಅನ್ನುವರು. ಮೊದಲ ವರ್ಷ ನನಗೆ ಎಲ್ಲಾ ಮಣ್ಣೂ ಮಣ್ಣಿನ ರುಚಿಯೇ. ಆರನೇ ವರ್ಷಕ್ಕೆ ತೀರಾ ಕೆಟ್ಟದ್ದನ್ನು ಗುರುತಿಸುತ್ತಿದ್ದೆ. ಒಳ್ಳೆಯದು ಯಾವುದು, ಇನ್ನೂ ಒಳ್ಳೆಯದು ಯಾವುದು ಅಂತ ಹೇಳಲು ಕೊನೆಯವರೆಗೂ ಬರಲಿಲ್ಲ. ಉಸ್ತಾದರ ಜೊತೆ ನಾನು ಹೇಳಿದ್ದನ್ನೂ ಅವರು ಹೇಳಿದ್ದನ್ನೂ ಬೇರೆ ಬೇರೆ ಕಾಯಿಸಿ ನೋಡುತ್ತಿದ್ದೆವು. ಕಪ್ಪು ಬಂತೋ ಇಲ್ಲವೋ ಅಲ್ಲೇ ಗೊತ್ತಾಗಿಬಿಡುತ್ತದೆ, ವಾದ ಮಾಡಲು ಜಾಗವೇ ಇಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಎರಕದವರು ಬೇರೆ, ಕೆತ್ತುವವರು ಬೇರೆ, ಬೆಳ್ಳಿ ಕೂರಿಸುವವರು ಬೇರೆ. ಕೆತ್ತನೆಯಲ್ಲಿ ಎತ್ತಿದ ಕೈ ಆದವರು ಎರಕದ ಮುಂದೆ ಕೂತರೆ ಹುಡುಗನಂತೆ ಕೇಳುತ್ತಾರೆ. ಹಾಗಾಗಿ ನೀವು ಆಗಲೂ ವೈಂಡಿಂಗ್‌ನಲ್ಲಿ ಪಳಗಿದವರೇ. ಸ್ಟಾರ್ಟರ್ ಇನ್ನೊಬ್ಬರ ಕಸುಬು. ಅದನ್ನು ಕೇಳಿಕೊಳ್ಳದೆ ಹೋದದ್ದು ತಪ್ಪು, ಅದು ಬೇರೆ. ಉಸ್ತಾದ್ ಅನ್ನುವ ಮಾತನ್ನು ನಮ್ಮ ಕಡೆ ಯಾರೂ ತಮಗೆ ತಾವೇ ಹೇಳಿಕೊಳ್ಳುವುದಿಲ್ಲ. 2023ರಲ್ಲಿ ನಮ್ಮ ಬೀದರ್‌ನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು, ಹತ್ತಾರು ವರ್ಷ ಉಳಿ ಹಿಡಿದ ಮೇಲೆ. ಅವತ್ತು ಕೆಲಸ ಬಿಟ್ಟ ನನಗೂ ಕಣ್ಣಲ್ಲಿ ನೀರು ಬಂತು. ನೀವೇ ಬರೆಸಬೇಡಿ ಅಣ್ಣಾ, ಜನ ಅನ್ನಲಿ.

ಸೇಡಂ_ಅಕ್ಕ

ಬೀದರ್ ತಮ್ಮ ಚೆನ್ನಾಗಿ ಬರೆದಿದ್ದಾನೆ, ಆದರೆ ಕೊನೆಯ ಮಾತು ನಾನು ಒಪ್ಪುವುದಿಲ್ಲ. "ಜನ ಅನ್ನಲಿ" ಅಂತ ಕಾಯ್ದರೆ ನಮ್ಮಂಥವರಿಗೆ ಯಾರೂ ಅನ್ನುವುದಿಲ್ಲ.

ನಾವು ನಾಲ್ಕು ಜನ ಹೆಣ್ಣುಮಕ್ಕಳು ಜೋಳದ ರೊಟ್ಟಿ ಮಾಡಿ ಖಾನಾವಳಿಗೆ, ಮದುವೆ ಮನೆಗೆ ಕೊಡುತ್ತೇವೆ. ನಾನು ರೊಟ್ಟಿ ಬಡಿಯಲು ಕೂತದ್ದು ಎಂಟನೇ ವಯಸ್ಸಿಗೆ, ಈಗ 46. ಗೋಧಿ ಹಿಟ್ಟಿನಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು. ಎಸರು ಎಷ್ಟು ಅಂತ ಅಳತೆ ಹೇಳಲು ಆಗುವುದಿಲ್ಲ. ಹೊಸ ಹಿಟ್ಟಿಗೆ ಜಿಗಿ ಇರುತ್ತದೆ, ಬೀಸಿಸಿ ತಿಂಗಳಾದ ಹಿಟ್ಟಿಗೆ ಇರುವುದಿಲ್ಲ, ಬಡಿಯುವಾಗ ಅಂಚು ಬಿರಿಯುತ್ತದೆ. ಹಿಟ್ಟಿಗೆ ಕೈ ಹಾಕಿದರೆ ನನಗೆ ಗೊತ್ತಾಗುತ್ತದೆ ಇದು ಯಾವಾಗ ಬೀಸಿಸಿದ್ದು, ಇದರಲ್ಲಿ ಖಡಕ್ ರೊಟ್ಟಿ ಆಗುತ್ತದಾ ಇಲ್ಲಾ ಬಿಸಿ ರೊಟ್ಟಿಗೇ ಸರಿಯಾ ಅಂತ. ಇದನ್ನು ಯಾರು ಎಕ್ಸ್‌ಪರ್ಟ್ ಅನ್ನುತ್ತಾರೆ? "ಮನೆಯಲ್ಲಿ ಎಲ್ಲರೂ ಮಾಡುತ್ತಾರೆ" ಅನ್ನುತ್ತಾರೆ.

ಎರಡು ವರ್ಷದ ಹಿಂದೆ ಒಂದು ತರಬೇತಿಗೆ ನನ್ನನ್ನು ಕರೆದರು. ಹುಡುಗಿಯರಿಗೆ ರೊಟ್ಟಿ ಕಲಿಸಬೇಕಿತ್ತು. ಬೆಳಿಗ್ಗೆ ಒಬ್ಬರು ಬಂದು ಪರದೆಯ ಮೇಲೆ ಒಂದು ತಾಸು ಚಿತ್ರ ತೋರಿಸಿ ಮಾತಾಡಿ ಹೋದರು. ಅವರ ಹೆಸರಿನ ಮುಂದೆ "ವಿಷಯ ತಜ್ಞರು" ಅಂತ ಬರೆದಿದ್ದರು. ಮೂರು ದಿನ ಒಲೆ ಮುಂದೆ ಕೂತು ಕೈ ಹಿಡಿದು ಕಲಿಸಿದ ನನ್ನ ಹೆಸರಿನ ಮುಂದೆ "ಸಹಾಯಕಿ". ಕೊಟ್ಟ ಗೌರವಧನವೂ ಹಾಗೇ, ಅವರ ಒಂದು ತಾಸಿಗೆ ನನ್ನ ಮೂರು ದಿನ ಸಮ ಆಗಲಿಲ್ಲ. ಆ ದಿನದಿಂದ ನನಗೆ ತಿಳಿದದ್ದು, ಹೆಸರಿಗೆ ದುಡ್ಡು ಅಂಟಿಕೊಂಡಿರುತ್ತದೆ. ಕೈಯಲ್ಲಿ ಕೆಲಸ ಇದ್ದವರು ನಾಚಿಕೊಂಡು ಕೂತರೆ ಬಾಯಿ ಇದ್ದವರು ಆ ಹೆಸರು ತಗೊಂಡು ಹೋಗುತ್ತಾರೆ.

ಆದರೆ ಆ ಮೂರು ದಿನದಲ್ಲಿ ಒಂದು ಒಳ್ಳೆಯದೂ ಆಯಿತು. ಒಂದು ಹುಡುಗಿ "ಅಕ್ಕಾ, ನನ್ನದು ಯಾಕೆ ಉಬ್ಬುತ್ತಿಲ್ಲ?" ಅಂತ ಕೇಳಿದಳು. ನಾನು 36 ವರ್ಷ ರೊಟ್ಟಿ ಮಾಡಿ ಆ ಪ್ರಶ್ನೆ ನನಗೇ ಕೇಳಿಕೊಂಡಿರಲಿಲ್ಲ. ಅವಳ ಪಕ್ಕ ಕೂತು ನಾಲ್ಕು ರೊಟ್ಟಿ ನೋಡಿದ ಮೇಲೆ ಗೊತ್ತಾಯಿತು, ಮೇಲೆ ನೀರು ಸವರಿದ ಮೇಲೆ ಅವಳು ತಡವಾಗಿ ತಿರುವುತ್ತಿದ್ದಳು, ಒಂದು ಮಗ್ಗುಲು ಆಗಲೇ ಒಣಗಿ ಬಿರಿದಿರುತ್ತಿತ್ತು. ಇನ್ನೊಬ್ಬರ ತಪ್ಪು ಎಲ್ಲಿದೆ ಅಂತ ಹುಡುಕಿ ತೋರಿಸಲು ಬರುತ್ತದಾ ನೋಡಿಕೊಳ್ಳಿ ಅಣ್ಣಾರ. ನಿಮಗೆ ಬರುತ್ತದೆ, ಸುಟ್ಟ ಕಾಯಿಲ್ ನೋಡಿ ಹೇಳುತ್ತೀರಿ. ಬೋರ್ಡ್ ಬರೆಸಿ.

ತೊಗರಿ_ಜೇವರ್ಗಿ

ತಂಗಿ ಹೇಳಿದ ದುಡ್ಡಿನ ಮಾತು ನೂರಕ್ಕೆ ನೂರು ಖರೇ. ಆದರೆ ಎಲ್ಲಾ ಕೆಲಸವೂ ಒಂದೇ ಥರ ಅಲ್ಲ ಅಂತ ನನಗೆ ಅನಿಸುತ್ತದೆ, ಸ್ವಲ್ಪ ಉದ್ದ ಆದರೂ ಬರೆಯುತ್ತೇನೆ.

ನೀವು ರೊಟ್ಟಿ ಒಂದು ದಿನಕ್ಕೆ ನೂರಿನ್ನೂರು ಬಡಿಯುತ್ತೀರಿ. ಕೆಟ್ಟರೆ ಅಲ್ಲೇ ಹಂಚಿನ ಮೇಲೆ ಗೊತ್ತಾಗುತ್ತದೆ. ಮೋಟಾರ್ ಕೆಟ್ಟರೆ ತಿಂಗಳೊಳಗೆ ಅಂಗಡಿಗೆ ಬರುತ್ತದೆ. ನನ್ನದು ತೊಗರಿ. ಜೂನ್-ಜುಲೈನಲ್ಲಿ ಬಿತ್ತಿದರೆ ರಾಶಿ ಆಗುವುದು ಡಿಸೆಂಬರ್-ಜನವರಿಗೆ. ನಾನು 31 ವರ್ಷದಿಂದ ಒಕ್ಕಲುತನ ಮಾಡುತ್ತಿದ್ದೇನೆ ಅಂದರೆ ಕೇಳಲು ದೊಡ್ಡದಾಗಿ ಇದೆ, ಖರೇ ಲೆಕ್ಕದಲ್ಲಿ ನಾನು ತೊಗರಿ ಮಾಡಿದ್ದು 31 ಸಲ. ತಂಗಿ ಅಷ್ಟು ರೊಟ್ಟಿ ಬೆಳಗಿನ ಚಹಾಕ್ಕೆ ಮುಂಚೆ ಮುಗಿಸುತ್ತಾಳೆ! ಅದರಲ್ಲೂ ಪ್ರತಿ ವರ್ಷ ಮಳೆ ಬೇರೆ, ಬೀಜ ಬೇರೆ. ಒಂದು ವರ್ಷ ಇಳುವರಿ ಚೆನ್ನಾಗಿ ಬಂದರೆ ನನ್ನ ಗೊಬ್ಬರದಿಂದ ಬಂತಾ, ಮಳೆಯಿಂದ ಬಂತಾ ಅಂತ ಬಿಡಿಸಿ ಹೇಳಲು ಆಗುವುದಿಲ್ಲ.

2022ರಲ್ಲಿ ಇದು ಮುಖಕ್ಕೆ ಹೊಡೆದ ಹಾಗೆ ಗೊತ್ತಾಯಿತು. ಮಳೆ ಜಾಸ್ತಿ ಆಗಿ ನೆಟೆ ರೋಗ ಬಂದು ನಮ್ಮ ಜಿಲ್ಲೆಯಲ್ಲಿ ಹೊಲ ಹೊಲವೇ ನಿಂತಲ್ಲೇ ಒಣಗಿತು, ಹೂವು ಕಾಯಿ ಇದ್ದ ಗಿಡ. ನನ್ನ ಹಿಂದಿನ ಅಷ್ಟೂ ವರ್ಷದ ಅನುಭವದಲ್ಲಿ ಅಂಥದ್ದು ಇರಲಿಲ್ಲ. ಗೊಡ್ಡು ರೋಗ ಗೊತ್ತಿತ್ತು. ಕಾಯಿಕೊರಕ ಗೊತ್ತಿತ್ತು, ತಾಡಪತ್ರಿ ಹಾಸಿ ಗಿಡ ಅಲ್ಲಾಡಿಸಿ ಹುಳ ಉದುರಿಸುವುದನ್ನು ನಮ್ಮ ಅಪ್ಪನಿಂದ ಕಲಿತಿದ್ದೆ. ಇದು ಬೇರು ಕಡೆಯಿಂದ ಬಂದ ರೋಗ. ಊರಲ್ಲಿ ನನ್ನ ಮಾತು ನಡೆಯುತ್ತದೆ, ಹುಡುಗರು ಬಂದು "ಕಾಕಾ, ಏನು ಹೊಡೆಯೋಣ?" ಅಂತ ಕೇಳಿದರು. ಔಷಧಿ ಅಂಗಡಿಯವರೊಬ್ಬರು ಹೇಳಿದ್ದನ್ನೇ ನಾನು ಅವರಿಗೂ ಹೇಳಿದೆ. ಎಲೆಗೆ ಸಿಂಪಡಿಸಿದೆವು. ಒಣಗಿದ ಗಿಡ ಚಿಗುರಲಿಲ್ಲ, ಸಿಂಪಡಿಸಿದ ದುಡ್ಡೂ ಹೋಯಿತು. ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ವಿಜ್ಞಾನಿಯೊಬ್ಬರು ಗಿಡ ಕಿತ್ತು, ಬೇರು ನೋಡಿ, ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿದರು. ಹಳೆಯ ಸೊರಗು ರೋಗ ಆದರೆ ಒಳಗೆ ಕಂದು-ಕಪ್ಪು ಗೆರೆ ಇರುತ್ತದೆ, ಬೇರು ಕೊಳೆತದ್ದಾದರೆ ಲಕ್ಷಣ ಬೇರೆ ಅಂತ ತೋರಿಸಿದರು. ನಾನು ಅಲ್ಲಿಯವರೆಗೆ ಒಂದು ದಿನವೂ ಸತ್ತ ಗಿಡವನ್ನು ಸೀಳಿ ನೋಡಿರಲಿಲ್ಲ. ಸುಟ್ಟ ಕಾಯಿಲ್ ಬಿಸಾಕಿದಂತೆ ನಾನೂ ಕಿತ್ತು ಬದುವಿಗೆ ಎಸೆಯುತ್ತಿದ್ದೆ.

ಆ ಹುಡುಗರಲ್ಲಿ ಒಬ್ಬ ಸಾಲ ಮಾಡಿದ್ದ. ನನ್ನ ಮಾತು ಕೇಳಿ ಔಷಧಿ ತಂದದ್ದು. ಅದು ಇನ್ನೂ ನನ್ನ ಎದೆಯಲ್ಲಿ ಇದೆ. ಹಾಗಾಗಿ ಬೋರ್ಡ್ ವಿಷಯ ನನಗೆ ಗೊತ್ತಿಲ್ಲ, ಆದರೆ "ಇದು ನಾನು ಮೊದಲು ಕಂಡಿಲ್ಲ" ಅನ್ನುವ ಮಾತನ್ನು ನಾನು ಆಗ ಹೇಳಬೇಕಿತ್ತು.

ಉಪನ್ಯಾಸಕ_ಯಾದಗಿರಿ

ಕಾಕಾ, ನೀವು ಬರೆದದ್ದನ್ನೇ ಇಬ್ಬರು ದೊಡ್ಡ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಚರ್ಚೆ ಮಾಡಿ 2009ರಲ್ಲಿ ಬರೆದರು. ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್. ಕ್ಲೈನ್ ಅಗ್ನಿಶಾಮಕ ದಳದ ಮುಖ್ಯಸ್ಥರನ್ನು ನೋಡಿ ಅನುಭವಿಗಳ ಒಳಮನಸ್ಸನ್ನು ನಂಬಬಹುದು ಅನ್ನುತ್ತಿದ್ದರು, ಕಾನೆಮನ್ ಅದನ್ನು ಸುಮ್ನೆ ನಂಬಬೇಡಿ ಅನ್ನುತ್ತಿದ್ದರು. ಕೊನೆಗೆ ಇಬ್ಬರೂ ಒಪ್ಪಿದ್ದು ಎರಡು ಮಾತಿಗೆ. ಆ ಕೆಲಸದಲ್ಲಿ ಒಂದು ಕಟ್ಟುಪಾಡು ಇರಬೇಕು, ಅಂದರೆ ಇಂಥ ಗುರುತು ಕಂಡರೆ ಇಂಥದ್ದು ಆಗುತ್ತದೆ ಅನ್ನುವುದು ಸ್ಥಿರವಾಗಿರಬೇಕು. ಮತ್ತೆ, ಮಾಡಿದ್ದು ಸರಿಯೋ ತಪ್ಪೋ ಅಂತ ತಿಳಿಯುವ ಅವಕಾಶ ಸಾಕಷ್ಟು ಸಿಗಬೇಕು. ಬೀದರ್‌ನ ಮಣ್ಣಿನಲ್ಲಿ ಎರಡೂ ಇವೆ. ತೊಗರಿಯಲ್ಲಿ ಎರಡೂ ಕಡಿಮೆ.

"10 ಸಾವಿರ ತಾಸು" ಅಭ್ಯಾಸ ಮಾಡಿದರೆ ಯಾರಾದರೂ ಎಕ್ಸ್‌ಪರ್ಟ್ ಆಗುತ್ತಾರೆ ಅನ್ನುವ ಮಾತು ಎಲ್ಲರ ಬಾಯಲ್ಲಿ ಇದೆ, ಅದಕ್ಕೂ ಹೇಳಿಬಿಡುತ್ತೇನೆ. ಅದು ಬಂದದ್ದು ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿದ್ದು. ಅತ್ಯುತ್ತಮ ಗುಂಪಿನವರು 20 ವರ್ಷದ ಹೊತ್ತಿಗೆ ಸರಾಸರಿ ಅಷ್ಟು ತಾಸು ಒಬ್ಬರೇ ಕೂತು ಅಭ್ಯಾಸ ಮಾಡಿದ್ದರು. ಅದು ಸರಾಸರಿ ಮಾತ್ರ, ಆ ಅಂಕಿಯಲ್ಲಿ ಮಂತ್ರವೇನೂ ಇಲ್ಲ ಅಂತ ಎರಿಕ್ಸನ್ ಅವರೇ ಆಮೇಲೆ ಹೇಳಿದರು. ಮಾಡಿದ್ದನ್ನೇ ಮಾಡುತ್ತಾ ಹೋದರೆ ಆಗುವುದಿಲ್ಲ, ತನಗೆ ಬಾರದ ಜಾಗವನ್ನೇ ಹುಡುಕಿ ಅಲ್ಲಿ ದುಡಿಯಬೇಕು. ಬೋರ್‌ಮೋಟಾರ್ ಅಣ್ಣನ 12 ವರ್ಷಕ್ಕಿಂತ ಆ ಕಟ್ಟೆ ಮೇಲಿನ ಒಂದು ದಿನ ಜಾಸ್ತಿ ಕಲಿಸಿದ್ದು ಅದಕ್ಕೇ ಅಲ್ವಾ?

ನನಗೆ ತುಂಬಾ ಇಷ್ಟವಾದ ಇನ್ನೊಂದು ಪ್ರಯೋಗ ಚೆಸ್‌ನದು, 1973ರದ್ದು, ಚೇಸ್ ಮತ್ತು ಸೈಮನ್ ಮಾಡಿದ್ದು. ಖರೇ ಆಟದ ಮಧ್ಯದ ಮಣೆಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿದರೆ ನುರಿತ ಆಟಗಾರರು ಬಹುತೇಕ ಕಾಯಿಗಳನ್ನು ನೆನಪಿನಿಂದ ಜೋಡಿಸಿಬಿಡುತ್ತಾರೆ, ಹೊಸಬರಿಗೆ ನಾಲ್ಕೈದು ಸಿಕ್ಕರೆ ಹೆಚ್ಚು. ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದರೆ ಇಬ್ಬರೂ ಹೆಚ್ಚು ಕಡಿಮೆ ಸಮ. ಅಂದರೆ ಅವರ ನೆನಪಿನ ಶಕ್ತಿ ದೊಡ್ಡದಲ್ಲ, ಕಂಡ ಆಟಗಳು ದೊಡ್ಡವು. 2022ರಲ್ಲಿ ಕಾಕಾ ಅವರ ಮುಂದೆ ಬಂದದ್ದು ಅಡ್ಡಾದಿಡ್ಡಿ ಇಟ್ಟ ಮಣೆ. ಅದಕ್ಕೆ ಇಷ್ಟು ನೊಂದುಕೊಳ್ಳಬೇಡಿ ಕಾಕಾ.

ತೊಗರಿ_ಜೇವರ್ಗಿ

ನಿಮ್ಮ ಮಾತಿಗೆ ಧನ್ಯವಾದ ಸರ್. ಆದರೆ ಮಣೆ ಅಡ್ಡಾದಿಡ್ಡಿ ಇದೆ ಅಂತ ಗುರುತಿಸುವುದೂ ನನ್ನ ಕೆಲಸವೇ ಆಗಿತ್ತು. ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಕಪ್ಪುಕೋಟು_ಕಲಬುರಗಿ

ಕಾನೂನಿನ ಕಡೆಯಿಂದ ಒಂದೆರಡು ಮಾತು. ಕೋರ್ಟಿನಲ್ಲಿ ತಜ್ಞರ ಅಭಿಪ್ರಾಯ ತೆಗೆದುಕೊಳ್ಳಲು 1872ರ ಸಾಕ್ಷ್ಯ ಕಾಯ್ದೆಯ 45ನೇ ಕಲಂ ಇತ್ತು, 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಅಧಿನಿಯಮದ 39ನೇ ಕಲಂ. ಎರಡರಲ್ಲೂ ಇಂಥದ್ದೇ ಡಿಗ್ರಿ ಬೇಕು ಅಂತ ಬರೆದಿಲ್ಲ, ಆ ವಿಷಯದಲ್ಲಿ ವಿಶೇಷವಾಗಿ ನುರಿತವರಾಗಿರಬೇಕು ಅಷ್ಟೇ. ಆದರೆ ನುರಿತವರು ಹೇಳಿದರು ಅಂತ ಜಡ್ಜ್ ಸುಮ್ನೆ ಒಪ್ಪಬೇಕಿಲ್ಲ, ಯಾವ ಕಾರಣಕ್ಕೆ ಹಾಗೆ ಹೇಳುತ್ತಿದ್ದೀರಿ ಅಂತ ಕೇಳುತ್ತಾರೆ. ಎದುರು ವಕೀಲರ ಪಾಟೀ ಸವಾಲು ಬೇರೆ ಇರುತ್ತದೆ. ಅಲ್ಲಿ ನಾನು ಕಂಡದ್ದು ಹೇಳುತ್ತೇನೆ. ಎಲ್ಲಾ ಪ್ರಶ್ನೆಗೂ ಉತ್ತರ ಕೊಡಲು ಹೋದ ಸಾಕ್ಷಿ ಬೇಗ ಬೀಳುತ್ತಾರೆ. "ಇಷ್ಟು ನಾನು ಪರೀಕ್ಷೆ ಮಾಡಿದ್ದೇನೆ, ಆ ಪ್ರಶ್ನೆ ನನ್ನ ವಿಷಯಕ್ಕೆ ಸೇರಿಲ್ಲ" ಅಂದವರನ್ನು ಅಲ್ಲಾಡಿಸುವುದು ಬಹಳ ಕಷ್ಟ, ನಾನೇ ಪ್ರಯತ್ನ ಮಾಡಿ ಸೋತಿದ್ದೇನೆ.

ಬೋರ್ಡ್ ವಿಷಯಕ್ಕೆ ಬಂದರೆ, ಡಾಕ್ಟರ್ ಆಗಿ ಔಷಧಿ ಬರೆಯಲು ನೋಂದಣಿ ಬೇಕು, ನಮಗೆ ಸನ್ನದು ಬೇಕು. "ಎಕ್ಸ್‌ಪರ್ಟ್" ಅನ್ನುವ ಮಾತಿಗೆ ಅಂಥದ್ದೇನೂ ಇಲ್ಲ. ಯಾರೂ ತಡೆಯದ ಮಾತನ್ನು ಬಳಸುವಾಗ ನಾವೇ ತಡೆದು ಯೋಚಿಸುವುದು ಒಳ್ಳೆಯದು, ನೀವು ಅದನ್ನೇ ಮಾಡುತ್ತಿದ್ದೀರಿ.

ಬೋರ್‌ಮೋಟಾರ್_ಕಲಬುರಗಿ

ಎರಡು ದಿನ ತಡ ಆಯಿತು, ಕ್ಷಮಿಸಿ, ಅಂಗಡಿಯಲ್ಲಿ ಏಳು ಮೋಟಾರ್ ಬಂದು ಕೂತಿದ್ದವು. ಎಲ್ಲರ ಮಾತನ್ನೂ ಮಗನಿಗೆ ಓದಿ ಹೇಳಿದೆ. ಅವನಿಗೆ ಸೇಡಂ ಅಕ್ಕನ ಮಾತು ಹಿಡಿಸಿತು. ನನಗೆ ಕಾಕಾ ಅವರ "ಸೀಳಿ ನೋಡಿರಲಿಲ್ಲ" ಅನ್ನುವುದು ಬಿಡುತ್ತಲೇ ಇಲ್ಲ.

ಈ ಏಳು ಮೋಟಾರನ್ನು ಬಿಚ್ಚುವ ಮೊದಲು ಮಗನನ್ನು ಕೂರಿಸಿಕೊಂಡು ಒಂದೊಂದಾಗಿ ನೋಡಿದೆ, ಯಾಕೆ ಸುಟ್ಟಿದೆ ಹೇಳು ಅಂದೆ. ಮೂರರಲ್ಲಿ ಎರಡು ಫೇಸ್ ಸುಟ್ಟಿತ್ತು, ಅದನ್ನು ಅವನೇ ಹೇಳಿದ. ಎರಡರಲ್ಲಿ ಎಲ್ಲಾ ಕಾಯಿಲ್ ಒಂದೇ ಸಮ ಸುಟ್ಟಿದ್ದವು, ಅಂದರೆ ಲೋಡ್ ಜಾಸ್ತಿ ಆಗಿದೆ ಅಥವಾ ವೋಲ್ಟೇಜ್ ಕಡಿಮೆ ಬಂದಿದೆ, ಯಾವುದು ಅಂತ ಹೊಲಕ್ಕೆ ಹೋಗದೆ ಹೇಳಲು ಬರುವುದಿಲ್ಲ. ಒಂದರಲ್ಲಿ ವೈಂಡಿಂಗ್ ಚೆನ್ನಾಗಿಯೇ ಇತ್ತು, ಕೇಬಲ್ ಜಾಯಿಂಟ್‌ನಲ್ಲಿ ನೀರು ಹೋಗಿತ್ತು. ಏಳನೆಯದು ಯಾಕೆ ಸುಟ್ಟಿದೆ ಅಂತ ನನಗೆ ಗೊತ್ತಾಗಲಿಲ್ಲ. ಮಗನ ಮುಂದೆ ಹಾಗೇ ಹೇಳಿದೆ. ಅದನ್ನು ಬಿಚ್ಚದೆ ಪಕ್ಕಕ್ಕೆ ಇಟ್ಟಿದ್ದೇನೆ, ಸ್ಟಾರ್ಟರ್ ಕೆಲಸ ಮಾಡುವ ಗೆಳೆಯರೊಬ್ಬರು ಬರುತ್ತಾರೆ, ಅವರ ಜೊತೆ ನೋಡಬೇಕು. ಒಂದು ನೋಟ್‌ಬುಕ್ ಕೂಡ ತಂದೆ. ಬಂದ ಮೋಟಾರ್, ಸುಟ್ಟ ಕಾರಣ, ತಿರುಗಿ ಬಂತಾ ಇಲ್ಲವಾ, ಇಷ್ಟು ಬರೆಯುವುದು. 17 ವರ್ಷ ಬರೆದಿಟ್ಟಿದ್ದರೆ ಏನೇನು ತಿಳಿಯುತ್ತಿತ್ತೋ.

ಬೋರ್ಡ್ ಬರೆಯುವವರಿಗೆ ಇವತ್ತು ಕೊಟ್ಟದ್ದು ಇದು: "ಬೋರ್ ಮೋಟಾರ್ ವೈಂಡಿಂಗ್. 17 ವರ್ಷದ ಅನುಭವ. ಎರಡನೇ ಸಲ ಸುಟ್ಟಿದ್ದರೆ ಸ್ಟಾರ್ಟರ್ ಕೂಡ ಜೊತೆಗೆ ತನ್ನಿ."

ಆಳಂದ_ಹೊಲ

ಅಣ್ಣಾ, ನಮ್ಮದು 7.5 ಎಚ್‌ಪಿ, ಈ ಬೇಸಿಗೆಯಲ್ಲಿ ಎರಡನೇ ಸಲ ಸುಟ್ಟಿದೆ. ಬೇರೆ ಕಡೆ ಕೊಟ್ಟಿದ್ದೆ. ನಾಳೆ ತರಲಾ?

ಬೋರ್‌ಮೋಟಾರ್_ಕಲಬುರಗಿ

ತನ್ನಿ. ಮೇನ್ ಆಫ್ ಮಾಡಿದ ಮೇಲೆಯೇ ಸ್ಟಾರ್ಟರ್‌ಗೆ ಕೈ ಹಾಕಿ, ನೀವು ಬಿಚ್ಚಬೇಡಿ, ಗೊತ್ತಿರುವವರಿಂದ ಬಿಚ್ಚಿಸಿ. ಕೇಬಲ್ ಜಾಯಿಂಟ್ ಬಿಚ್ಚಬೇಡಿ, ಅದರ ಎರಡು ಕಡೆ ಒಂದೊಂದು ಗೇಣು ಕೇಬಲ್ ಬಿಟ್ಟು ಕತ್ತರಿಸಿ ಹಾಗೇ ತನ್ನಿ, ನಾನು ನೋಡಬೇಕು. ಬೋರ್ ಎಷ್ಟು ಆಳ, ಮೋಟಾರ್ ಎಷ್ಟು ಅಡಿಗೆ ಇಳಿಸಿದ್ದೀರಿ, ಅದನ್ನೂ ಕೇಳಿಕೊಂಡು ಬನ್ನಿ.